ಮುದ್ದೆಯ ಪಕ್ಕದ ಅಕ್ಕಡಿ ಸಾಲು

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಬೆದ್ದಲು ಹೊಲಗಳಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಇರಲಿಲ್ಲ. ಎಂಟು ಹತ್ತು ಸಾಲು ರಾಗಿ ಬಿದ್ದ ಮೇಲೆ ಒಂದು ಸಾಲು ಬೇರೆಯದು ಬೀಳಬೇಕು. ಅವರೆಯೋ ತೊಗರಿಯೋ ಅಲಸಂದೆಯೋ, ಇಲ್ಲವೆ ಹುಚ್ಚೆಳ್ಳೋ. ಬದುವಿನ ಅಂಚಿಗೆ ನಾಲ್ಕು ಕಾಳು ಸಾಸಿವೆ. ಇದಕ್ಕೆ ಅಕ್ಕಡಿ ಅನ್ನುತ್ತಾರೆ. ಮಳೆ ಕೈಕೊಟ್ಟರೆ ಒಂದಲ್ಲ ಒಂದು ಬೆಳೆ ಉಳಿಯುತ್ತದೆ, ಕಾಳಿನ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ ಎಂದು ಬೇಸಾಯದ ಲೆಕ್ಕದಲ್ಲಿ ಇದನ್ನು ಹೊಗಳುವುದುಂಟು. ಅಡುಗೆಮನೆಯ ಲೆಕ್ಕದಲ್ಲಿ ನೋಡಿದರೆ ಅದಕ್ಕಿಂತ ದೊಡ್ಡ ಸಂಗತಿ ಕಾಣುತ್ತದೆ. ರಾಗಿ ಮುದ್ದೆಯಾಯಿತು. ಅಕ್ಕಡಿ ಸಾಲಿನ ಅವರೆ, ಅಲಸಂದೆ ಸಾರಾಯಿತು. ಹುಚ್ಚೆಳ್ಳು ಚಟ್ನಿಪುಡಿಯಾಯಿತು. ಕಳೆ ಕೀಳುವಾಗ ಮಡಿಲಿಗೆ ಬಿದ್ದ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಕಿರಕಸಾಲೆ ಬಸ್ಸಾರಿಗೆ ಹೋಯಿತು. ಹೊಲದಲ್ಲಿ ಯಾವುದು ಯಾವುದರ ಪಕ್ಕದಲ್ಲಿ ನಿಂತಿತ್ತೋ ತಟ್ಟೆಯಲ್ಲೂ ಅದೇ ಅದರ ಪಕ್ಕಕ್ಕೆ ಬಂದು ಕೂರುತ್ತಿತ್ತು.

1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ತಿಯಾಯಿತು. ಮೊದಲು ಇರ್ವಿನ್ ನಾಲೆ ಎಂದು ಕರೆಸಿಕೊಂಡು ಆಮೇಲೆ ವಿಶ್ವೇಶ್ವರಯ್ಯ ನಾಲೆಯಾದ ಕಾಲುವೆಯಲ್ಲಿ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಪಾಂಡವಪುರದ ಬಯಲೆಲ್ಲ ಭತ್ತ, ಕಬ್ಬಿಗೆ ತಿರುಗಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಬಡತನ ನೀಗಿಸಿದ ನೀರು ಅದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಗದ್ದೆಯಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ಮುದ್ದೆ ಮಾತ್ರ ತಟ್ಟೆ ಬಿಟ್ಟು ಹೋಗಲಿಲ್ಲ. ನ್ಯಾಯಬೆಲೆ ಅಂಗಡಿಯಿಂದಲೋ ಸಂತೆಯಿಂದಲೋ ರಾಗಿ ಬರುತ್ತಲೇ ಇದೆ. ಸಿರಿಧಾನ್ಯದ ಹೆಸರಿನಲ್ಲಿ ಈಗ ಮೈಸೂರಿನ ಬಡಾವಣೆಗಳಲ್ಲೂ ಅದಕ್ಕೆ ಹೊಸ ಮರ್ಯಾದೆ ಸಿಕ್ಕಿದೆ. ಅಕ್ಕಡಿ ಮಾತ್ರ ವಾಪಸು ಬರಲಿಲ್ಲ. ಎರಡು ಮುದ್ದೆಗೆ ಒಂದು ಸೌಟು ತಿಳಿಸಾರು ಹಾಕಿಕೊಂಡು ಉಂಡವರು ‘ರಾಗಿ ತಿಂತೀವಲ್ಲ, ಇನ್ನೇನು ಬೇಕು’ ಅನ್ನುತ್ತಾರೆ. ಬೇಕಾದದ್ದು ಬಹಳ ಇದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ, 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ ಎಂಟು ಮಿಲಿಗ್ರಾಂ ದಾಟುವುದಿಲ್ಲ, ಕಬ್ಬಿಣ ಒಂದಕ್ಕಿಂತ ಕಡಿಮೆ, ನಾರು ಮೂರು ಗ್ರಾಮಿನೊಳಗೆ. ಈ ಅಂತರವನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಪ್ರೋಟೀನಿನ ಮಾತು. ರಾಗಿಯಲ್ಲಿ ಅದು 7 ಗ್ರಾಂ ಚಿಲ್ಲರೆ, ಅಕ್ಕಿಯಲ್ಲಿ ಹತ್ತಿರ ಹತ್ತಿರ 8. ಅಂದರೆ ಮೈಕಟ್ಟುವ ಪ್ರೋಟೀನಿನ ವಿಷಯದಲ್ಲಿ ರಾಗಿ ಅಕ್ಕಿಗಿಂತ ಮೇಲೇನಲ್ಲ. ಅದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ರಾಗಿಯಲ್ಲಿ ಕಡಿಮೆ, ಕಾಳುಗಳಲ್ಲಿ ಧಾರಾಳ. ಹುರುಳಿ, ಅವರೆ, ಅಲಸಂದೆಯಲ್ಲಿ ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿನ ಆಸುಪಾಸು ಪ್ರೋಟೀನ್ ಸಿಗುತ್ತದೆ. ರಾಗಿಯ ಕೊರತೆಯನ್ನು ತುಂಬುವ ಬೆಳೆ ಅದೇ ಹೊಲದಲ್ಲಿ, ಒಂಬತ್ತನೇ ಸಾಲಿನಲ್ಲಿ ನಿಂತಿರುತ್ತಿತ್ತು.

ಇನ್ನೊಂದು ವಿಷಯವೂ ಇದೆ. ಕೋಷ್ಟಕದಲ್ಲಿ ಇರುವುದೆಲ್ಲ ಮೈಗೆ ಹತ್ತುವುದಿಲ್ಲ. ರಾಗಿಯ ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲ, ಟ್ಯಾನಿನ್, ಆಕ್ಸಲೇಟುಗಳು ಕ್ಯಾಲ್ಸಿಯಂ ಮತ್ತು ಕಬ್ಬಿಣದ ಒಂದು ಪಾಲನ್ನು ಹಿಡಿದುಕೊಂಡು ಹಾಗೇ ಹೊರಗೆ ಸಾಗಿಸುತ್ತವೆ. ಹಾಗಂತ ಸಿಪ್ಪೆ ತೆಗೆದು ಬಿಸಾಡುವ ಹಾಗೂ ಇಲ್ಲ, ಕ್ಯಾಲ್ಸಿಯಮ್ಮೂ ನಾರೂ ಹೆಚ್ಚಾಗಿ ಅಲ್ಲೇ ಇರುವುದು. ಭತ್ತದ ತೌಡಿನ ಹಾಗೆ ರಾಗಿಯ ಸಿಪ್ಪೆ ಸುಲಭವಾಗಿ ಬಿಡುವುದೂ ಇಲ್ಲ. ಕಾಳು ಸಣ್ಣದು, ಒಳಗಿನ ತಿರುಳು ಪುಡಿಪುಡಿ, ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿದೆ. ಅದಕ್ಕೇ ರಾಗಿಯನ್ನು ಇಡಿಯಾಗಿ ಬೀಸಿ ತಿನ್ನುವುದು ವಾಡಿಕೆಯಾಯಿತು. ಮನೆಗೆ ತಂದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಮತ್ತೆ ಮತ್ತೆ ಸೋಸಿ ‘ಮುದ್ದೆ ಬೆಳ್ಳಗೆ, ನುಣ್ಣಗೆ ಬರಲಿ’ ಅನ್ನುವವರು ಈ ಲಾಭವನ್ನು ಕೈಯಾರೆ ಕಳೆಯುತ್ತಾರೆ. ಕಸ ಕಡ್ಡಿ ಹೋಗುವಷ್ಟು ದಪ್ಪ ಕಣ್ಣಿನ ಜರಡಿಯಲ್ಲಿ ಒಂದು ಸಲ ಆಡಿಸಿದರೆ ಸಾಕು.

ಹಿಟ್ಟಿನ ಬಗ್ಗೆ ಇನ್ನೆರಡು ಮಾತು. ರಾಗಿ ಕಾಳಾಗಿ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ನೆಲದೊಳಗಿನ ಕಣಜವಾದ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುತ್ತಿದ್ದದ್ದು ಅದೇ ಧೈರ್ಯದಿಂದ. ಬೀಸಿದ ಕ್ಷಣದಿಂದ ಲೆಕ್ಕ ಬೇರೆ. ಕಾಳಿನೊಳಗಿದ್ದ ಅಷ್ಟಿಷ್ಟು ಎಣ್ಣೆ ಅಂಶ ಗಾಳಿಗೆ ತೆರೆದುಕೊಂಡು ನಿಧಾನಕ್ಕೆ ಮುಗ್ಗಲಾಗುತ್ತದೆ, ಹಿಟ್ಟು ಕಹಿಯಾಗುತ್ತದೆ. ಮಾಡಿದ ಮುದ್ದೆ ನಾಲಿಗೆಯ ಹಿಂಭಾಗಕ್ಕೆ ಕಹಿ ಹತ್ತಿದರೆ ತಪ್ಪು ಮುದ್ದೆಯದಲ್ಲ, ಹಿಟ್ಟು ಹಳೆಯದು. ಒಂದು ತಿಂಗಳಿಗೆ ಆಗುವಷ್ಟೇ ಬೀಸಿಸಿ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ಸುರಿದು ಮುಚ್ಚಿದರೆ ಒಳಗೆ ಬೆವರಿ ಗಂಟುಕಟ್ಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲೆ ತುಂಬಬೇಕು. ಬೀಸಿಸುವ ಮುನ್ನ ರಾಗಿಯನ್ನು ನಾಲ್ಕೈದು ನೀರಿನಲ್ಲಿ ಜಾಲಿಸಿ, ಕಲ್ಲು ಕೆಳಗುಳಿಯುವ ಹಾಗೆ ಮೇಲಿನದನ್ನಷ್ಟೇ ಎತ್ತಿಕೊಂಡು, ಕೈಯಲ್ಲಿ ಹಿಡಿದರೆ ತಣ್ಣಗೆನ್ನದಷ್ಟು ಒಣಗಿಸಬೇಕು. ಅರೆಬರೆ ಒಣಗಿದ ರಾಗಿ ಮಿಲ್ಲಿನ ಕಲ್ಲಿಗೂ ಅಂಟುತ್ತದೆ, ಹಿಟ್ಟನ್ನೂ ಬೇಗ ಕೆಡಿಸುತ್ತದೆ.

ಮುದ್ದೆ ಮಾಡುವುದು ಮಂಡ್ಯದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೆ ಗಂಟು ಏಕೆ ಕಟ್ಟುತ್ತದೆ ಎಂದು ಕೇಳಿದರೆ ‘ಕೈ ಸರಿಯಿಲ್ಲ’ ಎಂದು ಸೊಸೆಯ ಮೇಲೆ ಹಾಕಿ ಸುಮ್ಮನಾಗುವುದೇ ಹೆಚ್ಚು. ಗಂಟಿಗೆ ಕಾರಣ ಕೈಯಲ್ಲ, ಪಿಷ್ಟ. ರಾಗಿಯ ಪಿಷ್ಟ ಸುಮಾರು 65–70 ಡಿಗ್ರಿ ಶಾಖಕ್ಕೆ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಎಸರು ಕುದಿಯುತ್ತಿರುವಾಗ ಒಣ ಹಿಟ್ಟನ್ನು ಸುರಿದು ಆ ಕೂಡಲೇ ಕಲಕಿದರೆ, ಹಿಟ್ಟಿನ ಪ್ರತಿಯೊಂದು ಉಂಡೆಯ ಹೊರಮೈ ಮೊದಲು ಅಂಟಾಗಿ ಒಂದು ಪದರ ಕಟ್ಟುತ್ತದೆ. ಆ ಪದರ ದಾಟಿ ನೀರು ಒಳಗೆ ಹೋಗದು. ಹೊರಗೆ ಬೆಂದು ಒಳಗೆ ಬಿಳಿ ಒಣಹಿಟ್ಟು ಉಳಿದದ್ದೇ ಗಂಟು. ಗಂಟು ನುಂಗಿದವರ ಹೊಟ್ಟೆ ಭಾರವಾಗುವುದು, ಉಬ್ಬರಿಸುವುದು ಈ ಬೇಯದ ಹಿಟ್ಟಿನಿಂದಲೇ. ಗೋಧಿಯಲ್ಲಿರುವ ಗ್ಲುಟೆನ್ ರಾಗಿಯಲ್ಲಿಲ್ಲ. ಆದ್ದರಿಂದ ಮುದ್ದೆಯನ್ನು ಒಂದಾಗಿ ಹಿಡಿದಿಡುವುದು ಚೆನ್ನಾಗಿ ಬೆಂದ ಪಿಷ್ಟವೊಂದೇ. ಬೇಯದ ಮುದ್ದೆ ಬಿರುಕು ಬಿಡುತ್ತದೆ, ಹಲ್ಲಿಗೆ ಅಂಟುತ್ತದೆ.

ಹಾಗಾಗಿ ಕ್ರಮ ಹೀಗೆ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು. ಲೋಟ 250 ಮಿಲಿಲೀಟರಿನದಾದರೆ ಅದರಲ್ಲಿ 140 ಗ್ರಾಮಿನ ಆಸುಪಾಸು ಹಿಟ್ಟು ಹಿಡಿಯುತ್ತದೆ, ಎರಡು ಸಾಧಾರಣ ಮುದ್ದೆಯಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ನೀರಿಡಿ. ಒಂದು ಚಮಚ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಎಸರಿಗೆ ಬಿಡಿ. ಎಸರು ತೆಳು ಗಂಜಿಯ ಹಾಗಾಗಿ ಉಕ್ಕಿ ಬರುವಾಗ ಉಳಿದ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿಯಿರಿ. ಈಗ ಕೈ ಕಟ್ಟಿಕೊಂಡು ನಿಲ್ಲಬೇಕು. ಹಿಟ್ಟಿನ ಕೋಲನ್ನು ಗುಡ್ಡೆಯ ನಡುವೆ ನೇರವಾಗಿ ಚುಚ್ಚಿ ಒಂದು ತೂತು ಮಾಡಿ, ಉರಿ ತಗ್ಗಿಸಿ, ಸ್ವಲ್ಪ ಸಂದಿ ಬಿಟ್ಟು ಮುಚ್ಚಿ. ತೂತಿನಿಂದ ಗಂಜಿ ಗುಳುಗುಳು ಎಂದು ಮೇಲೆ ಬಂದು ಹಿಟ್ಟಿನ ಮೇಲೆ ಹರಿದು ಒಳಗಿಳಿಯುತ್ತದೆ, ಹಬೆ ಗುಡ್ಡೆಯ ನಡುವಿನವರೆಗೂ ಹೋಗುತ್ತದೆ. ಆರರಿಂದ ಎಂಟು ನಿಮಿಷ ಹೀಗೆ ಬಿಟ್ಟ ಮೇಲೆಯೇ ಕೋಲಾಡಿಸುವುದು. ಪಾತ್ರೆ ಕೆಳಗಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ಸುಮ್ಮನೆ ತಿರುಗಿಸಿದರೆ ಗಂಟು ಕೋಲಿನ ಜೊತೆಯಲ್ಲೇ ಸುತ್ತುತ್ತದೆ, ಒತ್ತಿದರೆ ಒಡೆಯುತ್ತದೆ. ಗಟ್ಟಿಯೆನಿಸಿದರೆ ಬಿಸಿನೀರನ್ನೇ ಚಿಮುಕಿಸಿ. ತಣ್ಣೀರು ಹಾಕಿದರೆ ಆ ಜಾಗದಲ್ಲಿ ಬೇಯುವುದು ನಿಂತು ಹಸಿ ವಾಸನೆ ಉಳಿಯುತ್ತದೆ. ಮತ್ತೆ ಒಲೆಯ ಮೇಲಿಟ್ಟು ಎರಡು ಮೂರು ನಿಮಿಷ ಹಬೆ ಕೊಡಿ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು, ಮೈ ಮಿರುಗಬೇಕು. ಆಗ ನೀರು ಸವರಿದ ಮಣೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಬಿಸಿಬಿಸಿ ಇರುವಾಗಲೇ ಕಟ್ಟಬೇಕು. ಆರಿದರೆ ಬಿರುಕು ಮುಚ್ಚಿಕೊಳ್ಳದು.

ಅಂತಹ ಒಂದು ಮುದ್ದೆಯಲ್ಲಿ ಸುಮಾರು 70 ಗ್ರಾಂ ಹಿಟ್ಟಿರುತ್ತದೆ. ಕ್ಯಾಲ್ಸಿಯಂ 250 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಎರಡು ಮುದ್ದೆ ಉಂಡರೂ ಕಾಗದದ ಮೇಲೆ ಅರ್ಧ, ಮೈಗೆ ಹತ್ತುವುದು ಅದಕ್ಕಿಂತ ಕಡಿಮೆ. ಮಜ್ಜಿಗೆ, ಸೊಪ್ಪು, ಹುಚ್ಚೆಳ್ಳು ಚಟ್ನಿ ಇವೆಲ್ಲ ಆ ಇನ್ನರ್ಧಕ್ಕೆ.

ಈಗ ಬಸ್ಸಾರಿಗೆ ಬರೋಣ. ಬಸಿದ ಸಾರು ಬಸ್ಸಾರು. ಈ ಸೀಮೆಯ ಅಡುಗೆಯಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಪದಾರ್ಥ ಇನ್ನೊಂದಿಲ್ಲ. ಕಾಳು, ಸೊಪ್ಪು ಬೇಯಿಸಿದ ನೀರಿನಲ್ಲಿ ಫೋಲೇಟ್, ಬೇರೆ ಬಿ ಜೀವಸತ್ವಗಳು, ಪೊಟ್ಯಾಸಿಯಂ ಕರಗಿ ಇಳಿದಿರುತ್ತವೆ. ಬೇಯಿಸಿದ ನೀರನ್ನು ಚೆಲ್ಲಿದರೆ ಅವೆಲ್ಲ ಮೋರಿ ಪಾಲು. ಬಸ್ಸಾರಿನಲ್ಲಿ ಬಸಿದ ನೀರೇ ಸಾರು, ಉಳಿದ ಕಾಳು ಸೊಪ್ಪೇ ಪಲ್ಯ. ಒಂದು ಒಲೆ, ಒಂದು ಪಾತ್ರೆ, ಎರಡು ಪದಾರ್ಥ.

ನಾಲ್ಕೈದು ಜನಕ್ಕೆ ಒಂದು ಪಾವು, ಅಂದರೆ ಇನ್ನೂರು ಗ್ರಾಮಿನಷ್ಟು ಅಲಸಂದೆಯನ್ನೋ ಹುರುಳಿಯನ್ನೋ ಹಿಂದಿನ ರಾತ್ರಿ ನೆನೆಹಾಕಿ. ನೆನೆದ ನೀರನ್ನು ಚೆಲ್ಲಬೇಕು, ಬೆಂದ ನೀರನ್ನು ಉಳಿಸಬೇಕು. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ. ಹೊಟ್ಟೆಯಲ್ಲಿ ವಾಯು ಮಾಡುವ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳು, ಒಂದಿಷ್ಟು ಫೈಟಿಕ್ ಆಮ್ಲ, ಟ್ಯಾನಿನ್ ನೆನೆದ ನೀರಿಗೆ ಇಳಿದಿರುತ್ತವೆ, ಅವು ಹೋದರೆ ನಷ್ಟವಿಲ್ಲ. ನೆನೆದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟು ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ಮೊಳೆಯುವಾಗ ಕಾಳು ತನ್ನ ಫೈಟಿಕ್ ಆಮ್ಲವನ್ನು ತಾನೇ ಒಡೆದುಕೊಳ್ಳುತ್ತದೆ. ಒಂದೂವರೆ ಲೀಟರ್ ಹೊಸ ನೀರಿನಲ್ಲಿ ಕಾಳನ್ನು ಮುಕ್ಕಾಲು ಪಾಲು ಬೇಯಿಸಿ, ಆಮೇಲೆ ಎರಡು ಕಟ್ಟು ದಂಟುಸೊಪ್ಪು ಅಥವಾ ಬೆರಕೆ ಸೊಪ್ಪು, ಉಪ್ಪು ಹಾಕಿ. ಸೊಪ್ಪನ್ನು ಹೆಚ್ಚುವ ಮುಂಚೆ ತೊಳೆಯಬೇಕು, ಹೆಚ್ಚಿ ತೊಳೆದರೆ ಸಾರ ನೀರಿಗೆ ಹೋಗುತ್ತದೆ. ಎಂಟು ಹತ್ತು ನಿಮಿಷಕ್ಕೆ ಸೊಪ್ಪು ಮೆತ್ತಗಾಗುತ್ತದೆ, ಬಸಿಯಿರಿ.

ಖಾರಕ್ಕೆ ಒಂದು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿಯನ್ನು ಚೂರು ಎಣ್ಣೆಯಲ್ಲಿ ಬಾಡಿಸಿ. ಅರ್ಧ ಚಮಚ ಜೀರಿಗೆ, ಆರೇಳು ಕಾಳು ಮೆಣಸು, ಎರಡು ಚಮಚ ಸಾರಿನ ಪುಡಿ, ಒಂದು ಹಿಡಿ ಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು. ಇದರ ಜೊತೆಗೆ ಬಸಿದಿಟ್ಟ ಕಾಳುಸೊಪ್ಪಿನಿಂದಲೇ ಒಂದು ಸೌಟು ತೆಗೆದು ಸೇರಿಸಿ ರುಬ್ಬಬೇಕು. ಈ ಒಂದು ಸೌಟನ್ನು ಮರೆತರೆ ಸಾರು ನೀರು ಬೇರೆ ಖಾರ ಬೇರೆಯಾಗಿ ಒಡೆದು ನಿಲ್ಲುತ್ತದೆ. ಹಾಕಿದರೆ ಹದವಾಗಿ ಕೂಡಿಕೊಂಡು ಮುದ್ದೆಗೆ ಹಿಡಿಯುತ್ತದೆ. ರುಬ್ಬಿದ್ದನ್ನು ಬಸಿದ ನೀರಿಗೆ ಬಿಟ್ಟು ಒಂದು ಕುದಿ, ಮೇಲೊಂದು ಒಗ್ಗರಣೆ. ಕಾಳುಸೊಪ್ಪಿಗೆ ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಇದನ್ನು ಐದು ಜನ ಹಂಚಿಕೊಂಡರೆ ತಲೆಗೆ ನಲವತ್ತು ಗ್ರಾಂ ಕಾಳು, ಎಂಟು ಒಂಬತ್ತು ಗ್ರಾಂ ಪ್ರೋಟೀನ್. ಪಲ್ಯ ಮುದ್ದೆಯಷ್ಟೇ ಗಾತ್ರದ ಗುಡ್ಡೆಯಾಗಿ ತಟ್ಟೆಯಲ್ಲಿದ್ದರೆ ಮಾತ್ರ ಈ ಲೆಕ್ಕ. ಬೆರಳ ತುದಿಯಲ್ಲಿ ನಂಚಿಕೊಳ್ಳುವಷ್ಟು ಹಾಕಿಕೊಂಡರೆ ಲೆಕ್ಕ ತಪ್ಪಿತು.

ಬಸ್ಸಾರು ಎಲ್ಲರಿಗೂ ಒಂದೇ ಅಲ್ಲ. ದಂಟು, ಪಾಲಕ್ ಸೊಪ್ಪಿನ ಆಕ್ಸಲೇಟ್ ಕೂಡ ನೀರಿಗೆ ಇಳಿಯುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗಿರುವವರು ಈ ಸೊಪ್ಪುಗಳ ಬಸಿದ ನೀರನ್ನು ಬಿಟ್ಟು ಬರೀ ಕಾಳು ಬೇಯಿಸಿದ ನೀರಿನಲ್ಲಿ ಸಾರು ಮಾಡಿಕೊಳ್ಳುವುದು ಲೇಸು. ಮೂತ್ರಪಿಂಡವೇ ಸೋತವರಿಗೆ ಪೊಟ್ಯಾಸಿಯಂ ಲೆಕ್ಕವೂ ಬರುತ್ತದೆ. ಅವರು ವೈದ್ಯರನ್ನು ಕೇಳದೆ ಸೊಪ್ಪಿನ ಸಾರು ಕುಡಿಯಬಾರದು.

ಉಪ್ಪೆಸರು ಇದರ ತಮ್ಮ. ಕಾಳು ಸೊಪ್ಪಿನ ಉಪ್ಪುನೀರನ್ನು ಹಾಗೇ ಬಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆ, ಉಪ್ಪು ಅರೆದ ಖಾರವನ್ನು ತಟ್ಟೆಯ ಅಂಚಿಗೆ ಹಾಕಿಕೊಂಡು ಕಲಸಿಕೊಳ್ಳುವುದು. ರುಚಿಗೆ ಸಾಟಿಯಿಲ್ಲ. ಆದರೆ ಉಪ್ಪು ಇಲ್ಲಿ ಎರಡು ಕಡೆಯಿಂದ ಬರುತ್ತದೆ, ನೀರಿನಲ್ಲೊಂದು, ಖಾರದಲ್ಲೊಂದು. ಖಾರ ನಾಲ್ಕು ದಿನ ಕೆಡದೆ ಇರಲೆಂದು ಕೈತುಂಬ ಉಪ್ಪು ಹಾಕಿರುತ್ತಾರೆ. ದೊಡ್ಡವರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ಒಂದು ಸಣ್ಣ ಟೀ ಚಮಚ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಸೇರಿ. ರಕ್ತದೊತ್ತಡ ಇರುವ ಮನೆಯಲ್ಲಿ ಉಪ್ಪೆಸರಿನ ನೀರಿಗೆ ಉಪ್ಪು ಅರ್ಧಕ್ಕೆ ಇಳಿಸಿ, ಖಾರಕ್ಕೆ ಹುಣಸೆ, ಬೆಳ್ಳುಳ್ಳಿ ಏರಿಸಿ. ನಾಲಿಗೆ ಎರಡು ವಾರದಲ್ಲಿ ಒಗ್ಗಿಕೊಳ್ಳುತ್ತದೆ.

ಕಬ್ಬಿಣದ ವಿಷಯಕ್ಕೆ ಬಂದರೆ ಊಟಕ್ಕಿಂತ ಊಟದ ಅಕ್ಕಪಕ್ಕ ಮುಖ್ಯ. ಸೊಪ್ಪು, ಕಾಳು, ರಾಗಿಯ ಕಬ್ಬಿಣ ಚೆನ್ನಾಗಿ ಮೈಗೆ ಹತ್ತಬೇಕಾದರೆ ಅದೇ ತುತ್ತಿನಲ್ಲಿ ಸಿ ಜೀವಸತ್ವ ಇರಬೇಕು. ಒಲೆಯ ಮೇಲೆ ಅದರ ಬಹಳಷ್ಟು ಪಾಲು ಸಾಯುತ್ತದೆ, ಆದ್ದರಿಂದ ಬೇಯಿಸಿದ ಸೊಪ್ಪನ್ನೇ ನೆಚ್ಚಿಕೊಂಡರೆ ಸಾಲದು. ಪಲ್ಯದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡುವುದು, ಇಲ್ಲವೆ ಊಟದ ಜೊತೆಗೆ ಒಂದು ಸೀಬೆಹಣ್ಣಿನ ಹೋಳು ಕಚ್ಚುವುದು ಸುಲಭದ ದಾರಿ. ಸಾರು ಕುದಿಯುವಾಗ ನಿಂಬೆ ಹಿಂಡಬೇಡಿ, ತಟ್ಟೆಗೆ ಬಂದ ಮೇಲೆ ಹಿಂಡಿ. ಊಟ ಮುಗಿಸಿ ಕೈ ತೊಳೆದ ಕೂಡಲೇ ಟೀ, ಕಾಫಿ ಕುಡಿಯುವ ಅಭ್ಯಾಸ ಈ ಲಾಭವನ್ನೆಲ್ಲ ತೊಳೆದು ಹಾಕುತ್ತದೆ, ಅವುಗಳಲ್ಲಿನ ಟ್ಯಾನಿನ್ನಂತಹ ವಸ್ತುಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರವಿರಲಿ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗುವುದಂತೂ ಮಾತ್ರೆಯನ್ನು ಎಸೆದ ಹಾಗೆ.

ಇಲ್ಲಿ ಮನೆಯೊಳಗಿನ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ದುಡಿದು ಬಂದವರಿಗೆ, ಮಕ್ಕಳಿಗೆ, ಅತ್ತೆ ಮಾವನಿಗೆ ಬಡಿಸಿದ ಮೇಲೆ ಮನೆಯ ಹೆಂಗಸು ಊಟಕ್ಕೆ ಕೂರುತ್ತಾಳೆ. ಆ ಹೊತ್ತಿಗೆ ಪಾತ್ರೆಯಲ್ಲಿ ಮುದ್ದೆ ಇರುತ್ತದೆ, ತಳದಲ್ಲಿ ಸಾರೂ ಇರುತ್ತದೆ. ಪಲ್ಯ ಇರುವುದಿಲ್ಲ. ಅಂದರೆ ಅಕ್ಕಡಿ ಸಾಲು ಎಲ್ಲರಿಗೂ ಹೋಗಿ ಅವಳಿಗೆ ಮಾತ್ರ ತಪ್ಪುತ್ತದೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಬೇಕು. ಹೆಚ್ಚು ಬೇಕಾದವಳಿಗೆ ಕಡಿಮೆ ಉಳಿಯುತ್ತದೆ. ಬಡಿಸುವ ಮೊದಲೇ ಅವಳ ಪಾಲಿನ ಪಲ್ಯವನ್ನು ಬೇರೆ ಬಟ್ಟಲಿಗೆ ತೆಗೆದಿಡುವುದಕ್ಕೆ ಖರ್ಚಿಲ್ಲ. ಬಾಡಿನ ಸಾರು ಮಾಡಿದ ದಿನವೂ ಇದೇ ಮಾತು. ಲಿವರ್ ಚೂರು, ಮಾಂಸದ ತುಂಡು ಅವಳ ತಟ್ಟೆಗೂ ಬೀಳಲಿ. ಮಾಂಸದ ಕಬ್ಬಿಣ ಸುಲಭವಾಗಿ ಹತ್ತುತ್ತದೆ, ಜೊತೆಗಿರುವ ಮುದ್ದೆ ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಬಿ12 ಜೀವಸತ್ವ ರಾಗಿ, ಕಾಳು, ಸೊಪ್ಪು ಯಾವುದರಲ್ಲೂ ಇಲ್ಲ. ಮಾಂಸ, ಮೊಟ್ಟೆ ತಿನ್ನದ ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆಯೇ ಗತಿ.

ಸಕ್ಕರೆ ಕಾಯಿಲೆಯವರಿಗೆ ಮುದ್ದೆ ಒಳ್ಳೆಯದೋ ಅಲ್ಲವೋ ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರಿಸುವುದು ಸರಿ. 70 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 47 ಗ್ರಾಂ ಕಾರ್ಬೋಹೈಡ್ರೇಟ್ ಇದೆ. 60 ಗ್ರಾಂ ಅಕ್ಕಿಯ ಅನ್ನದಲ್ಲೂ ಅಷ್ಟೇ ಇದೆ. ವ್ಯತ್ಯಾಸ ನಾರಿನದು. ಮುದ್ದೆಯಲ್ಲಿ ಹೆಚ್ಚುಕಡಿಮೆ 8 ಗ್ರಾಂ, ಅನ್ನದಲ್ಲಿ 2 ಗ್ರಾಮೂ ಇಲ್ಲ. ಹಾಗಾಗಿ ಅನ್ನದ ಬದಲು ಅಷ್ಟೇ ಗಾತ್ರದ ಮುದ್ದೆ ಉಂಡರೆ ಲಾಭವಿದೆ. ಎರಡು ಮುದ್ದೆ ಉಂಡು, ಮೇಲೆ ‘ಎರಡು ತುತ್ತು’ ಅನ್ನ ಮಜ್ಜಿಗೆ ಸೇರಿಸಿದರೆ ಆ ಲಾಭ ಕೂಡಲೇ ಮುಗಿಯುತ್ತದೆ. ರಾಗಿಯನ್ನು ಎಷ್ಟು ನುಣ್ಣಗೆ ಬೀಸಿ ಎಷ್ಟು ತೆಳುವಾಗಿ ಬೇಯಿಸುತ್ತೀರೋ ಅಷ್ಟು ಬೇಗ ಅದು ರಕ್ತದಲ್ಲಿ ಸಕ್ಕರೆಯಾಗುತ್ತದೆ. ಬಿಸಿ ಗಂಜಿ, ಬೆಲ್ಲ ಹಾಕಿದ ಮಾಲ್ಟ್ ಇವನ್ನು ಸಕ್ಕರೆ ಕಾಯಿಲೆಯವರು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿದು ‘ರಾಗಿ ತಾನೇ’ ಎಂದು ಸಮಾಧಾನ ಪಡಬಾರದು. ಒಂದು ಮುದ್ದೆ, ಅದರಷ್ಟೇ ಪಲ್ಯ, ಒಂದು ಬಟ್ಟಲು ಕಾಳುಸಾರು, ಮಜ್ಜಿಗೆ. ಮೊದಲು ನಾಲ್ಕು ತುತ್ತು ಪಲ್ಯ ತಿಂದು ಆಮೇಲೆ ಮುದ್ದೆ ಮುರಿದರೆ ಸಕ್ಕರೆ ಏರುವುದು ಇನ್ನೂ ನಿಧಾನ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಅನ್ನ ಬಿಟ್ಟು ಮುದ್ದೆಗೆ ಬದಲಾಗುವಾಗ ಕೆಲವು ದಿನ ಸಕ್ಕರೆ ಪರೀಕ್ಷಿಸಿಕೊಂಡು ವೈದ್ಯರಿಗೆ ತಿಳಿಸಲಿ.

ಬೆಲ್ಲದ ನಾಡಿನಲ್ಲಿ ಬೆಲ್ಲದ ಬಗ್ಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ಸಕ್ಕರೆ ಕಾಯಿಲೆಗೆ ಬೆಲ್ಲ ಸಕ್ಕರೆಯ ಅಣ್ಣತಮ್ಮನೇ. ಅದರ ಬಹುಪಾಲು ಸುಕ್ರೋಸ್. ಖನಿಜಗಳು ಇವೆ, ಆದರೆ ಹತ್ತು ಗ್ರಾಂ ಅಚ್ಚಿನಲ್ಲಿ ಅವು ಎಷ್ಟು ಬಂದಾವು? ಆರೋಗ್ಯವಂತರು ಕೊಳ್ಳುವಾಗ ಬಣ್ಣ ನೋಡಲಿ. ಕಬ್ಬಿನ ಹಾಲು ಕಾದು ಪಾಕವಾದಾಗ ಸಹಜವಾಗಿ ಬರುವುದು ಕಂದು ಬಣ್ಣ. ಹಳದಿ ಮಿಂಚುವ ಬೆಲ್ಲಕ್ಕೆ ಆಲೆಮನೆಯಲ್ಲಿ ಹೈಡ್ರೋಸ್ ಎಂಬ, ಗಂಧಕ ಸೇರಿದ ರಾಸಾಯನಿಕ ಪುಡಿ ಬಿದ್ದಿರುವ ಸಾಧ್ಯತೆ ಹೆಚ್ಚು. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ದಾಟಬಾರದೆಂದು ಕಾನೂನಿದೆ, ಉಬ್ಬಸ ಇರುವವರಿಗೆ ಅದು ತೊಂದರೆ ಕೊಡುವುದರಿಂದ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಸಾಕು. ಹಾಗೆ ಮಾಡುವ ಆಲೆಮನೆಗಳು ಇನ್ನೂ ಇವೆ, ಅವರ ಬೆಲ್ಲ ಕಪ್ಪಗೆ ಕಾಣುವುದೆಂದು ಗಿರಾಕಿ ಮೂಗು ಮುರಿದರೆ ಅವರೂ ಪುಡಿ ಹಿಡಿಯಬೇಕಾಗುತ್ತದೆ.

ಆರು ತಿಂಗಳು ತುಂಬಿದ ಮಗುವಿಗೆ ಮಾಡುವ ರಾಗಿ ಸರಿಯಲ್ಲಿ ಮೊಳಕೆ ಬರಿಸುವುದು ಬರೀ ಸಂಪ್ರದಾಯವಲ್ಲ. ಮೊಳೆತ ರಾಗಿಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ಮೊಳೆಯದ ಹಿಟ್ಟಿನ ಗಂಜಿಯನ್ನು ನುಂಗುವಷ್ಟು ತೆಳು ಮಾಡಬೇಕಾದರೆ ನೀರೇ ಹೆಚ್ಚಾಗುತ್ತದೆ. ಮೊಳಕೆ ಹಿಟ್ಟಾದರೆ ಅದೇ ಒಂದು ಒಳಲೆಯಲ್ಲಿ ಹೆಚ್ಚು ಹಿಟ್ಟು, ಹೆಚ್ಚು ಶಕ್ತಿ ಹಿಡಿಯುತ್ತದೆ. ರಾಗಿಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಇಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಹುಳಿ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಪೂರ್ತಿ ಎಸೆಯಿರಿ, ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ನೆರಳಿನಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟೇ ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಗೆ ಹುರಿದರೆ ಕಿಣ್ವ ಸತ್ತು ಪಟ್ಟ ಶ್ರಮವೆಲ್ಲ ವ್ಯರ್ಥ. ಮಗುವಿನ ಹಿಟ್ಟನ್ನು ಮಾತ್ರ ತೆಳು ಬಟ್ಟೆಯಲ್ಲಿ ಸೋಸಬಹುದು, ಅಷ್ಟು ನಾರು ಆ ಕರುಳಿಗೆ ಬೇಡ. ಇಲ್ಲೂ ಅಕ್ಕಡಿ ಬಿಡಬಾರದು. ಬೇಯಿಸಿ ಕಿವುಚಿದ ಹೆಸರುಬೇಳೆ ಒಂದು ಚಮಚ, ತುಪ್ಪ ಅರ್ಧ ಚಮಚ ಸೇರಿಸಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ, ಸಕ್ಕರೆ ಉಪ್ಪಿನ ಅಗತ್ಯವೂ ಇಲ್ಲ.

ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಕೃಷಿ ಸಂಶೋಧನಾ ಕೇಂದ್ರ, ಮಂಡ್ಯದ ವಿ.ಸಿ. ಫಾರಂ ಇಲ್ಲದಿದ್ದರೆ ರಾಗಿ ಈ ಹೊತ್ತಿಗೆ ಇನ್ನೂ ಹಿಂದೆ ಸರಿದಿರುತ್ತಿತ್ತು. ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದ ಅಲ್ಲಿನ ತಳಿ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಅದರಲ್ಲಿ ಸೇರಿವೆ. ರಾಗಿಯ ಇಳುವರಿ ಏರಿತು, ಬಡವನ ತಟ್ಟೆಯ ಮುದ್ದೆ ಉಳಿಯಿತು. ಅವರೆ, ಹುರುಳಿ, ಅಲಸಂದೆಗೆ ಅಷ್ಟು ಅಕ್ಕರೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸುತ್ತಲೇ ಇರುತ್ತದೆ. ಈಗಲೂ ಎರಡು ಗುಂಟೆ ಇದ್ದವರು ಬದುವಿನ ಮೇಲೆ ಅವರೆ, ನುಗ್ಗೆ ಹಾಕಬಹುದು. ಮೈಸೂರಿನ ತಾರಸಿಯಲ್ಲಿ ಹಳೆ ಬಕೆಟ್ಟಿನಲ್ಲೂ ದಂಟು, ಹರಿವೆ ಮೂರು ನಾಲ್ಕು ವಾರಕ್ಕೆ ಸೊಪ್ಪು ಕೊಡುತ್ತವೆ.

ವಯಸ್ಸಾದವರ ತಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಉಳಿದಿದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಪಾರ್ಶ್ವವಾಯು ಹೊಡೆದು ಎದ್ದವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ಆ ತುತ್ತು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ನೀರು ಹೆಚ್ಚು ಹಾಕಿ ಮೆತ್ತಗೆ ತೊಳಸಿ, ಕಡಲೆಕಾಳಿನ ಗಾತ್ರದ ತುತ್ತು ಮಾಡಿ, ಸಾರಿನಲ್ಲಿ ಪೂರ್ತಿ ಅದ್ದಿ, ನೆಟ್ಟಗೆ ಕೂರಿಸಿ ಕೊಡಬೇಕು. ಮಲಗಿದ್ದಲ್ಲೇ ಬಾಯಿಗಿಡಬಾರದು.

ಇನ್ನು ರಾತ್ರಿ ಮಿಕ್ಕ ಮುದ್ದೆ. ಆರಿ ಗಟ್ಟಿಯಾದಾಗ ಅದರ ಪಿಷ್ಟದ ಒಂದು ಭಾಗ ಮತ್ತೆ ಬಿಗಿದುಕೊಂಡು ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಕರುಳಿನ ಕೆಳಭಾಗದ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಮೇವು. ಬಿಸಿ ಮಾಡಲು ಹೋಗಬೇಡಿ, ರಬ್ಬರಿನ ಹಾಗಾಗುತ್ತದೆ. ತಣ್ಣೀರಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಆ ನೀರಿನಲ್ಲೇ ಕಿವುಚಿ, ಕಡೆದ ಮಜ್ಜಿಗೆ ಎರಡು ಲೋಟ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಚಿಟಿಕೆ ಉಪ್ಪು ಸೇರಿಸಿ. ಬೇಸಿಗೆಯಲ್ಲಿ ಎಂಟು ಹತ್ತು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ನೀರಿನ ಮೇಲೆ ಲೋಳೆ ಕಟ್ಟಿದ್ದರೆ ಅದು ಹಸುವಿನ ಕಲಗಚ್ಚಿಗೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ. ಚೆನ್ನಾಗಿದ್ದರೆ ನಂಚಿಕೊಳ್ಳಲು ಒಂದು ಚಮಚ ಹುಚ್ಚೆಳ್ಳು ಚಟ್ನಿಪುಡಿ ಸಾಕು.